ಗ್ಲುಟಾಥಯೋನ್: ಪ್ರಯೋಗಾಲಯ ಸಂಶೋಧನೆಯಲ್ಲಿ ಉತ್ಕರ್ಷಣ ನಿರೋಧಕವಾಗಿ

ಗ್ಲುಟಾಥಯೋನ್ ಎಂಬುದು ಪ್ರಾಣಿ, ಸಸ್ಯ ಹಾಗೂ ಶಿಲೀಂಧ್ರಗಳ ಜೀವಕೋಶಗಳಲ್ಲಿಯೂ ಹಲವು ಬ್ಯಾಕ್ಟೀರಿಯಾಗಳಲ್ಲಿಯೂ ಕಂಡುಬರುವ ಒಂದು ಚಿಕ್ಕ ಪೆಪ್ಟೈಡ್. ಗ್ಲುಟಮಿಕ್ ಆಮ್ಲ, ಸಿಸ್ಟೀನ್ ಮತ್ತು ಗ್ಲೈಸೀನ್ ಎಂಬ ಮೂರು ಅಮೈನೋ ಆಮ್ಲಗಳ ಜೋಡಣೆಯಿಂದ ಇದು ಉಂಟಾಗುತ್ತದೆ. ಜೀವಕೋಶದ ಒಳಗೆ ತಯಾರಾಗುವ ಉತ್ಕರ್ಷಣ ನಿರೋಧಕಗಳಲ್ಲಿ ಇದು ಪ್ರಮುಖವಾದುದು. ಆಮ್ಲಜನಕದ ಬಳಕೆಯಿಂದ ಹುಟ್ಟುವ ಹಾನಿಕಾರಕ ಪೆರಾಕ್ಸೈಡ್‌ಗಳನ್ನು ನಿವಾರಿಸುವುದು, ವಿಷಕಾರಿ ರಾಸಾಯನಿಕಗಳನ್ನು ಕಟ್ಟಿ ಹೊರಹಾಕಲು ನೆರವಾಗುವುದು ಮತ್ತು ಪ್ರೋಟೀನುಗಳ ಗಂಧಕಯುಕ್ತ ಗುಂಪುಗಳನ್ನು ಕಾಪಾಡುವುದು ಇದರ ಮುಖ್ಯ ಕಾರ್ಯಗಳು. ಜೀವರಸಾಯನಶಾಸ್ತ್ರ, ಔಷಧಶಾಸ್ತ್ರ, ವಿಕಿರಣ ಜೀವಶಾಸ್ತ್ರ ಮತ್ತು ಪರಿಸರ ವಿಜ್ಞಾನದ ಪ್ರಯೋಗಾಲಯಗಳಲ್ಲಿ ಜೀವಕೋಶಕ್ಕೆ ಒದಗಿದ ಒತ್ತಡವನ್ನು ತಿಳಿಯಲು ಗ್ಲುಟಾಥಯೋನಿನ ಪ್ರಮಾಣವನ್ನು ಅಳೆಯುವುದು ರೂಢಿಯಲ್ಲಿದೆ. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ತುಳಸಿ, ಶುಂಠಿ ಮೊದಲಾದ ಸಸ್ಯಗಳ ಮೇಲೆ ನಡೆದ ವಿಕಿರಣ ಸಂಶೋಧನೆಗಳಲ್ಲಿಯೂ ಇದು ಮುಖ್ಯ ಅಳತೆಯಾಗಿತ್ತು.

ರಾಸಾಯನಿಕ ಸ್ವರೂಪ

ಗ್ಲುಟಾಥಯೋನಿನ ಒಂದು ಅಣುವಿನಲ್ಲಿ 10 ಇಂಗಾಲ, 17 ಜಲಜನಕ, 3 ಸಾರಜನಕ, 6 ಆಮ್ಲಜನಕ ಮತ್ತು 1 ಗಂಧಕದ ಪರಮಾಣುಗಳಿವೆ. ಇದರ ಅಣುತೂಕ ಸುಮಾರು 307. ಸಾಮಾನ್ಯ ಪ್ರೋಟೀನುಗಳಲ್ಲಿ ಒಂದು ಅಮೈನೋ ಆಮ್ಲದ ಆಲ್ಫಾ ಕಾರ್ಬಾಕ್ಸಿಲ್ ಗುಂಪು ಮುಂದಿನದರೊಡನೆ ಬಂಧ ಏರ್ಪಡಿಸಿಕೊಳ್ಳುತ್ತದೆ. ಗ್ಲುಟಾಥಯೋನಿನಲ್ಲಿ ಮಾತ್ರ ಗ್ಲುಟಮಿಕ್ ಆಮ್ಲದ ಪಾರ್ಶ್ವದಲ್ಲಿರುವ ಗ್ಯಾಮಾ ಕಾರ್ಬಾಕ್ಸಿಲ್ ಗುಂಪು ಸಿಸ್ಟೀನನ್ನು ಹಿಡಿದಿರುತ್ತದೆ. ಈ ಅಪರೂಪದ ಬಂಧವನ್ನು ಕೋಶದೊಳಗಿನ ಸಾಮಾನ್ಯ ಪೆಪ್ಟೈಡ್ ಕಿಣ್ವಗಳು ಕತ್ತರಿಸಲಾರವು. ಆದ್ದರಿಂದ ಇಷ್ಟು ಚಿಕ್ಕ ಪೆಪ್ಟೈಡ್ ಆಗಿದ್ದರೂ ಅದು ಕೋಶದಲ್ಲಿ ಉಳಿದುಕೊಳ್ಳುತ್ತದೆ.

ಅಣುವಿನ ಕ್ರಿಯಾಶೀಲ ಭಾಗವೆಂದರೆ ಸಿಸ್ಟೀನಿನಲ್ಲಿರುವ ಗಂಧಕ ಮತ್ತು ಜಲಜನಕಗಳ ಜೋಡಿ. ಇದಕ್ಕೆ ಥಯೋಲ್ ಗುಂಪು ಎಂದು ಹೆಸರು. ಈ ಗುಂಪು ಎಲೆಕ್ಟ್ರಾನನ್ನು ಅಥವಾ ಜಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಟ್ಟ ಎರಡು ಗ್ಲುಟಾಥಯೋನ್ ಅಣುಗಳು ತಮ್ಮ ಗಂಧಕಗಳ ಮೂಲಕ ಒಂದಾಗಿ ಬೆಸೆದುಕೊಳ್ಳುತ್ತವೆ. ಒಂಟಿ ಅಣುವನ್ನು ಅಪಕರ್ಷಿತ ರೂಪವೆಂದೂ ಬೆಸೆದ ಜೋಡಿಯನ್ನು ಉತ್ಕರ್ಷಿತ ರೂಪವೆಂದೂ ಕರೆಯುತ್ತಾರೆ. ವೈಜ್ಞಾನಿಕ ಬರಹಗಳಲ್ಲಿ ಮೊದಲನೆಯದನ್ನು ಜಿಎಸ್‌ಎಚ್ ಎಂದೂ ಎರಡನೆಯದನ್ನು ಜಿಎಸ್‌ಎಸ್‌ಜಿ ಎಂದೂ ಸೂಚಿಸುವುದು ವಾಡಿಕೆ.

ಇತಿಹಾಸ

1888ರಲ್ಲಿ ಫ್ರಾನ್ಸಿನ ಜೆ. ಡಿ ರೇ-ಪೈಲಾಡ್ ಅವರು ಯೀಸ್ಟ್ ಸಾರದಲ್ಲಿ ಗಂಧಕದೊಡನೆ ವರ್ತಿಸುವ ಒಂದು ವಸ್ತುವನ್ನು ಗುರುತಿಸಿ ಅದಕ್ಕೆ ಫಿಲೋಥಿಯಾನ್ ಎಂಬ ಹೆಸರಿಟ್ಟರು. 1921ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್ ಅವರು ಈ ವಸ್ತುವನ್ನು ಬೇರ್ಪಡಿಸಿ ಗ್ಲುಟಾಥಯೋನ್ ಎಂದು ಹೆಸರಿಸಿದರು. ಮೊದಲು ಇದರಲ್ಲಿ ಎರಡೇ ಅಮೈನೋ ಆಮ್ಲಗಳಿವೆ ಎಂದು ಅವರು ಭಾವಿಸಿದ್ದರು. ಗ್ಲೈಸೀನ್ ಕೂಡ ಇರುವುದು 1929ರ ವೇಳೆಗೆ ಖಚಿತವಾಯಿತು. 1935ರಲ್ಲಿ ಹ್ಯಾರಿಂಗ್ಟನ್ ಮತ್ತು ಮೀಡ್ ಇದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದಾಗ ರಚನೆಯ ವಿಷಯದಲ್ಲಿದ್ದ ಸಂದೇಹ ದೂರವಾಯಿತು.

1957ರಲ್ಲಿ ಗಾರ್ಡನ್ ಮಿಲ್ಸ್ ಅವರು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕೆಂಪು ರಕ್ತಕಣಗಳಲ್ಲಿ ಕಂಡುಹಿಡಿದರು. ಈ ಕಿಣ್ವಕ್ಕೆ ಸೆಲೆನಿಯಮ್ ಎಂಬ ಖನಿಜ ಅಗತ್ಯವೆಂಬುದು 1973ರಲ್ಲಿ ತಿಳಿಯಿತು. ಆಹಾರದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಒಂದು ಖನಿಜಕ್ಕೂ ಕೋಶರಕ್ಷಣೆಗೂ ಇರುವ ನಂಟು ಇದರಿಂದ ಸ್ಪಷ್ಟವಾಯಿತು.

ಕೋಶದಲ್ಲಿ ತಯಾರಿಕೆ ಮತ್ತು ಮರುಬಳಕೆ

ಗ್ಲುಟಾಥಯೋನ್ ಎರಡು ಹಂತಗಳಲ್ಲಿ ತಯಾರಾಗುತ್ತದೆ. ಮೊದಲ ಹಂತದಲ್ಲಿ ಗ್ಲುಟಮಿಕ್ ಆಮ್ಲವೂ ಸಿಸ್ಟೀನೂ ಕೂಡುತ್ತವೆ. ಎರಡನೆಯ ಹಂತದಲ್ಲಿ ಗ್ಲೈಸೀನ್ ಸೇರುತ್ತದೆ. ಪ್ರತಿ ಹಂತಕ್ಕೂ ಒಂದು ಎಟಿಪಿ ಅಣುವಿನ ಶಕ್ತಿ ವೆಚ್ಚವಾಗುತ್ತದೆ. ಒಟ್ಟು ತಯಾರಿಕೆಯ ವೇಗವನ್ನು ಮೊದಲ ಹಂತದ ಕಿಣ್ವವೂ ಸಿಸ್ಟೀನಿನ ಲಭ್ಯತೆಯೂ ನಿರ್ಧರಿಸುತ್ತವೆ. ದೇಹದಲ್ಲಿ ಯಕೃತ್ತು ಇದರ ಮುಖ್ಯ ತಯಾರಿಕಾ ಸ್ಥಳ. ಜೀವಕೋಶದೊಳಗೆ ಇದರ ಸಾಂದ್ರತೆ ಸಾಮಾನ್ಯವಾಗಿ 1ರಿಂದ 10 ಮಿಲಿಮೋಲಾರ್‌ನಷ್ಟಿರುತ್ತದೆ. ರಕ್ತದ ಪ್ಲಾಸ್ಮಾದಲ್ಲಿ ಇರುವುದು ಮೈಕ್ರೋಮೋಲಾರ್ ಮಟ್ಟದಲ್ಲಿ ಮಾತ್ರ, ಅಂದರೆ ಅದರ ನೂರಾರು ಪಟ್ಟು ಕಡಿಮೆ.

ಒಮ್ಮೆ ಬಳಕೆಯಾದ ಗ್ಲುಟಾಥಯೋನನ್ನು ಕೋಶವು ವ್ಯರ್ಥ ಮಾಡುವುದಿಲ್ಲ. ಗ್ಲುಟಾಥಯೋನ್ ರಿಡಕ್ಟೇಸ್ ಎಂಬ ಕಿಣ್ವವು ಬೆಸೆದ ಜೋಡಿಯನ್ನು ಬಿಡಿಸಿ ಮತ್ತೆ ಎರಡು ಒಂಟಿ ಅಣುಗಳನ್ನಾಗಿ ಮಾಡುತ್ತದೆ. ಇದಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಎನ್‌ಎಡಿಪಿಎಚ್ ಎಂಬ ಸಹಕಿಣ್ವ ಒದಗಿಸುತ್ತದೆ. ಗ್ಲೂಕೋಸಿನ ವಿಘಟನೆಯ ಒಂದು ಕವಲುದಾರಿಯಲ್ಲಿ ಈ ಸಹಕಿಣ್ವ ಪುನರುತ್ಪತ್ತಿಯಾಗುತ್ತದೆ. ಹೀಗಾಗಿ ಆರೋಗ್ಯವಂತ ಕೋಶದಲ್ಲಿ ಒಂಟಿ ರೂಪದ ಪ್ರಮಾಣವು ಜೋಡಿ ರೂಪಕ್ಕಿಂತ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚಿರುತ್ತದೆ. ಈ ಅನುಪಾತ ಕುಸಿದರೆ ಕೋಶವು ಉತ್ಕರ್ಷಣ ಒತ್ತಡಕ್ಕೆ ಸಿಲುಕಿದೆ ಎಂದು ತಿಳಿಯಲಾಗುತ್ತದೆ.

ಉತ್ಕರ್ಷಣ ನಿರೋಧಕ ಕಾರ್ಯ

ಉತ್ಕರ್ಷಣ ಎಂಬ ಕ್ರಿಯೆಯನ್ನು ಅಡುಗೆಮನೆಯಲ್ಲಿಯೂ ಕಾಣಬಹುದು. ಕಾಪು ತಾಲೂಕಿನ ಮಟ್ಟು ಗ್ರಾಮದ ಗುಳ್ಳ ಬದನೆಯನ್ನು ಹೆಚ್ಚಿದೊಡನೆ ನೀರಿಗೆ ಹಾಕದಿದ್ದರೆ ಹೋಳುಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಕತ್ತರಿಸಿದಾಗ ಕೋಶಗಳು ಒಡೆದು, ಒಳಗಿನ ಫೀನಾಲಿಕ್ ಸಂಯುಕ್ತಗಳು ಗಾಳಿಯ ಆಮ್ಲಜನಕದೊಡನೆ ಕಿಣ್ವದ ಸಹಾಯದಿಂದ ವರ್ತಿಸಿ ಕ್ವಿನೋನ್‌ಗಳಾಗುತ್ತವೆ. ಇವುಗಳಿಂದ ಕಂದು ಬಣ್ಣ ಉಂಟಾಗುತ್ತದೆ. ಗ್ಲುಟಾಥಯೋನ್ ಇಂತಹ ಕ್ವಿನೋನ್‌ಗಳನ್ನು ಹಿಡಿದು ಬಣ್ಣ ಬಾರದಂತೆ ತಡೆಯಬಲ್ಲದು. ಜೀವಂತ ಕೋಶದೊಳಗೆ ಇದು ಮಾಡುವ ಕೆಲಸಗಳಲ್ಲಿ ಒಂದು ಇದೇ ಬಗೆಯದು.

ಉಸಿರಾಟದ ಕ್ರಿಯೆಯಲ್ಲಿ ಆಮ್ಲಜನಕದ ಅಲ್ಪಾಂಶವು ಸೂಪರ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವು ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಪರಿವರ್ತಿಸುತ್ತದೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವವು ಎರಡು ಗ್ಲುಟಾಥಯೋನ್ ಅಣುಗಳನ್ನು ಬಳಸಿ ಆ ಪೆರಾಕ್ಸೈಡನ್ನು ನೀರನ್ನಾಗಿ ಮಾಡುತ್ತದೆ. ಪೆರಾಕ್ಸೈಡ್ ಉಳಿದುಕೊಂಡು ಕಬ್ಬಿಣದ ಅಯಾನುಗಳೊಡನೆ ಸೇರಿದರೆ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ಅದು ಕ್ಷಣಮಾತ್ರದಲ್ಲಿ ಸಮೀಪದ ಕೊಬ್ಬು, ಪ್ರೋಟೀನು ಅಥವಾ ಡಿಎನ್‌ಎಯನ್ನು ಘಾಸಿಗೊಳಿಸುತ್ತದೆ. ಅದನ್ನು ತಟಸ್ಥಗೊಳಿಸುವ ಕಿಣ್ವ ಯಾವುದೂ ಇಲ್ಲ. ಆದುದರಿಂದ ಅದು ಹುಟ್ಟದಂತೆ ಪೆರಾಕ್ಸೈಡ್ ಹಂತದಲ್ಲಿಯೇ ತಡೆಯುವುದು ಕೋಶಕ್ಕೆ ಅತ್ಯಗತ್ಯ.

ವಿಷನಿವಾರಣೆಯಲ್ಲಿ ಗ್ಲುಟಾಥಯೋನ್ ಬೇರೊಂದು ಬಗೆಯಲ್ಲಿ ವರ್ತಿಸುತ್ತದೆ. ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಗುಂಪಿನ ಕಿಣ್ವಗಳು ಇದನ್ನು ವಿಷಾಣುವಿಗೆ ನೇರವಾಗಿ ಅಂಟಿಸುತ್ತವೆ. ಆ ಸಂಯುಕ್ತವು ನೀರಿನಲ್ಲಿ ಕರಗಿ ಪಿತ್ತ ಅಥವಾ ಮೂತ್ರದ ಮೂಲಕ ಹೊರಹೋಗುತ್ತದೆ. ಹೀಗೆ ಹೊರಹೋದ ಗ್ಲುಟಾಥಯೋನ್ ಮರುಬಳಕೆಗೆ ಸಿಗುವುದಿಲ್ಲ. ಕೋಶವು ಹೊಸದನ್ನೇ ತಯಾರಿಸಿಕೊಳ್ಳಬೇಕಾಗುತ್ತದೆ.

ಪ್ರಯೋಗಾಲಯದಲ್ಲಿ ಅಳೆಯುವ ವಿಧಾನಗಳು

1959ರಲ್ಲಿ ಜಾರ್ಜ್ ಎಲ್‌ಮನ್ ವಿವರಿಸಿದ ಕಾರಕವು ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಡಿಟಿಎನ್‌ಬಿ ಎಂದು ಕರೆಯುವ ಈ ಕಾರಕವು ಥಯೋಲ್ ಗುಂಪಿನೊಡನೆ ವರ್ತಿಸಿದಾಗ ಹಳದಿ ಬಣ್ಣ ಬರುತ್ತದೆ. 412 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ದ್ರಾವಣವು ಎಷ್ಟು ಹೀರಿಕೊಳ್ಳುತ್ತದೆ ಎಂಬುದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಪ್ರೋಟೀನುಗಳಲ್ಲಿಯೂ ಥಯೋಲ್ ಗುಂಪುಗಳಿರುವುದರಿಂದ ಮೊದಲು ಅಂಗಾಂಶದ ಸಾರಕ್ಕೆ ಆಮ್ಲ ಸೇರಿಸಿ ಪ್ರೋಟೀನನ್ನು ಒತ್ತರಿಸಿ ತೆಗೆಯಬೇಕು.

1969ರಲ್ಲಿ ಫ್ರಾಂಕ್ ಟೀಟ್ಸೆ ಈ ವಿಧಾನವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ದ್ರಾವಣಕ್ಕೆ ಗ್ಲುಟಾಥಯೋನ್ ರಿಡಕ್ಟೇಸ್ ಮತ್ತು ಎನ್‌ಎಡಿಪಿಎಚ್ ಸೇರಿಸಿದಾಗ ಗ್ಲುಟಾಥಯೋನ್ ಮತ್ತೆ ಮತ್ತೆ ಪುನರುತ್ಪತ್ತಿಯಾಗಿ ಕಾರಕದೊಡನೆ ವರ್ತಿಸುತ್ತದೆ. ಹಳದಿ ಬಣ್ಣ ಏರುವ ವೇಗದಿಂದ ಎರಡೂ ರೂಪಗಳ ಒಟ್ಟು ಪ್ರಮಾಣ ತಿಳಿಯುತ್ತದೆ. ಒಂಟಿ ರೂಪವನ್ನು ಬೇರೊಂದು ರಾಸಾಯನಿಕದಿಂದ ಮೊದಲೇ ಮುಚ್ಚಿಬಿಟ್ಟರೆ ಜೋಡಿ ರೂಪವನ್ನು ಮಾತ್ರ ಅಳೆಯಬಹುದು. ಎರಡನ್ನೂ ಬೇರ್ಪಡಿಸಿ ಅಳೆಯಲು ದ್ರವ ವರ್ಣರೇಖನ ಉಪಕರಣಗಳನ್ನೂ ಬಳಸುತ್ತಾರೆ.

ಈ ಅಳತೆಯಲ್ಲಿ ಮಾದರಿಯನ್ನು ನಿರ್ವಹಿಸುವ ರೀತಿಯೇ ಹೆಚ್ಚಿನ ತೊಡಕಿಗೆ ಕಾರಣ. ಅಂಗಾಂಶವನ್ನು ಹೊರತೆಗೆದು ಮೇಜಿನ ಮೇಲೆ ಇಟ್ಟರೆ ಗಾಳಿಯಿಂದಲೇ ಗ್ಲುಟಾಥಯೋನ್ ಉತ್ಕರ್ಷಣಗೊಳ್ಳುತ್ತದೆ. ಆರೋಗ್ಯವಂತ ಕೋಶದಲ್ಲಿ ಜೋಡಿ ರೂಪ ಅತ್ಯಲ್ಪವಾಗಿರುವುದರಿಂದ, ಒಂಟಿ ರೂಪದ ಶೇ. 2ರಷ್ಟು ಹಾಗೆ ಬದಲಾದರೂ ಅನುಪಾತ ತಲೆಕೆಳಗಾಗುತ್ತದೆ. ಆದ್ದರಿಂದ ಮಾದರಿಯನ್ನು ಕೂಡಲೇ ತಂಪುಗೊಳಿಸಿ ಆಮ್ಲದಲ್ಲಿ ಇಡುವುದು ಅಥವಾ ಥಯೋಲ್ ಗುಂಪನ್ನು ಬಂಧಿಸುವ ವಸ್ತುವನ್ನು ತಕ್ಷಣವೇ ಬೆರೆಸುವುದು ಅಗತ್ಯ.

ಗ್ಲುಟಾಥಯೋನ್ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಬ್ಯೂಥಯೋನಿನ್ ಸಲ್ಫಾಕ್ಸಿಮಿನ್ ಎಂಬ ವಸ್ತುವನ್ನು ಬಳಸುತ್ತಾರೆ. ಇದು ತಯಾರಿಕೆಯ ಮೊದಲ ಹಂತವನ್ನೇ ತಡೆಯುತ್ತದೆ. ಒಂದು ಔಷಧ ಅಥವಾ ಸಸ್ಯಸಾರವು ಕೋಶವನ್ನು ರಕ್ಷಿಸಿದ್ದು ಗ್ಲುಟಾಥಯೋನಿನ ಮೂಲಕವೇ ಎಂಬುದನ್ನು ಪರೀಕ್ಷಿಸಲು ಈ ವಸ್ತು ನೆರವಾಗುತ್ತದೆ. ತಯಾರಿಕೆಯನ್ನು ತಡೆದಾಗ ರಕ್ಷಣೆಯೂ ಮಾಯವಾದರೆ ಆ ಊಹೆಗೆ ಬಲ ಬರುತ್ತದೆ. ರಕ್ಷಣೆ ಹಾಗೆಯೇ ಉಳಿದರೆ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ.

ಮಣಿಪಾಲದ ವಿಕಿರಣ ಜೀವಶಾಸ್ತ್ರ ಸಂಶೋಧನೆ

1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗವು ಸಸ್ಯಮೂಲದ ವಿಕಿರಣ ರಕ್ಷಕಗಳ ಅಧ್ಯಯನಕ್ಕೆ ಹೆಸರಾಯಿತು. ಈ ಅಧ್ಯಯನಗಳ ಹಿನ್ನೆಲೆ ಹೀಗಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಗ್ಯಾಮಾ ಕಿರಣಗಳು ಗಡ್ಡೆಯೊಂದಿಗೆ ಸುತ್ತಲಿನ ಆರೋಗ್ಯವಂತ ಕೋಶಗಳನ್ನೂ ಘಾಸಿಗೊಳಿಸುತ್ತವೆ. ಅಸ್ಥಿಮಜ್ಜೆ ಮತ್ತು ಕರುಳಿನ ಒಳಪದರಗಳು ಬೇಗನೆ ತುತ್ತಾಗುತ್ತವೆ. ವಿಕಿರಣವು ಕೋಶದಲ್ಲಿರುವ ನೀರನ್ನು ಸೀಳಿ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಹುಟ್ಟಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಘಾಸಿಗೊಂಡ ಡಿಎನ್‌ಎಗೆ ಗ್ಲುಟಾಥಯೋನ್ ಜಲಜನಕವನ್ನು ಕೊಟ್ಟು ಕೂಡಲೇ ಸರಿಪಡಿಸಬಲ್ಲದು. ಆದರೆ ಅದಕ್ಕೆ ಮೊದಲೇ ಆಮ್ಲಜನಕ ಬಂದು ಸೇರಿದರೆ ಹಾನಿ ಗಟ್ಟಿಯಾಗುತ್ತದೆ.

ಇದೇ ತತ್ತ್ವದ ಮೇಲೆ ಅಮೆರಿಕದಲ್ಲಿ ಅಮಿಫೋಸ್ಟೀನ್ ಎಂಬ ಥಯೋಲ್ ಔಷಧವನ್ನು ರೂಪಿಸಲಾಗಿತ್ತು. ಅದು ಪರಿಣಾಮಕಾರಿಯಾದರೂ ವಾಂತಿ, ರಕ್ತದೊತ್ತಡದ ಕುಸಿತ ಮೊದಲಾದ ಅಡ್ಡಪರಿಣಾಮಗಳಿಂದ ಅದರ ಬಳಕೆ ಸೀಮಿತವಾಯಿತು. ಕಡಿಮೆ ವಿಷಕಾರಿಯಾದ ರಕ್ಷಕವೊಂದು ಪರಿಚಿತ ಸಸ್ಯಗಳಲ್ಲಿ ದೊರೆಯಬಹುದೇ ಎಂಬುದು ಮಣಿಪಾಲದ ಸಂಶೋಧಕರ ಪ್ರಶ್ನೆಯಾಗಿತ್ತು.

ಪಿ. ಉಮಾದೇವಿ ಮತ್ತು ಎ. ಗಣಸೌಂದರಿ ಅವರು ತುಳಸಿ ಎಲೆಯ ನೀರಿನ ಸಾರವನ್ನು ಇಲಿಮರಿಗಳಂತಹ ಚಿಕ್ಕ ಪ್ರಯೋಗಪ್ರಾಣಿಗಳಾದ ಸ್ವಿಸ್ ಇಲಿಗಳ ಮೇಲೆ ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದೇಹತೂಕದ ಕಿಲೋಗ್ರಾಂಗೆ 10 ಮಿಲಿಗ್ರಾಂ ಸಾರವನ್ನು ಚುಚ್ಚಿ, ಕೊನೆಯ ಚುಚ್ಚುಮದ್ದಿನ 30 ನಿಮಿಷಗಳ ಬಳಿಕ 4.5 ಗ್ರೇ ಗ್ಯಾಮಾ ವಿಕಿರಣಕ್ಕೆ ಒಡ್ಡಲಾಯಿತು. ಅನಂತರ 15 ನಿಮಿಷದಿಂದ 8 ಗಂಟೆಯವರೆಗೆ ಬೇರೆ ಬೇರೆ ಸಮಯಗಳಲ್ಲಿ ಯಕೃತ್ತಿನ ಗ್ಲುಟಾಥಯೋನನ್ನೂ ಸಂಬಂಧಿತ ಕಿಣ್ವಗಳನ್ನೂ ಅಳೆಯಲಾಯಿತು. ವಿಕಿರಣ ಮಾತ್ರ ಪಡೆದ ಇಲಿಗಳಲ್ಲಿ ಗ್ಲುಟಾಥಯೋನ್ 30ರಿಂದ 60 ನಿಮಿಷಗಳಲ್ಲಿ ಅತ್ಯಂತ ಕೆಳಮಟ್ಟಕ್ಕೆ ಇಳಿಯಿತು. ಕೊಬ್ಬಿನ ಪೆರಾಕ್ಸಿಡೀಕರಣವು 2 ಗಂಟೆಯ ಹೊತ್ತಿಗೆ ಸಾಮಾನ್ಯ ಮಟ್ಟದ ಸುಮಾರು ಮೂರೂವರೆ ಪಟ್ಟಿಗೆ ಏರಿತು. ಮೊದಲೇ ತುಳಸಿ ಸಾರ ಪಡೆದವುಗಳಲ್ಲಿ ಗ್ಲುಟಾಥಯೋನಿನ ಕುಸಿತ ತಡೆಯಲ್ಪಟ್ಟಿತು. ತುಳಸಿಯಿಂದ ಬೇರ್ಪಡಿಸಿದ ಓರಿಯೆಂಟಿನ್ ಮತ್ತು ವೈಸೆನಿನ್ ಎಂಬ ಫ್ಲೇವನಾಯ್ಡ್‌ಗಳನ್ನೂ ಈ ತಂಡ ಪರೀಕ್ಷಿಸಿತು. ಅವು ಕಿಲೋಗ್ರಾಂಗೆ 50 ಮೈಕ್ರೋಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿಯೇ ರಕ್ಷಣೆ ನೀಡಿದವು.

ಇದೇ ವಿಭಾಗದಲ್ಲಿ ಜಿ. ಸಿ. ಜಗೇತಿಯ ಮತ್ತು ಸಂಗಡಿಗರು ಶುಂಠಿ, ಬಿಲ್ವ, ನೇರಳೆ ಮೊದಲಾದವುಗಳ ಸಾರಗಳನ್ನು ಅಧ್ಯಯನ ಮಾಡಿದರು. 2003ರಲ್ಲಿ ಪ್ರಕಟವಾದ ಶುಂಠಿಯ ಅಧ್ಯಯನದಲ್ಲಿ ಸತತ ಐದು ದಿನ ಸಾರವನ್ನು ಪಡೆದ ಇಲಿಗಳನ್ನು 6ರಿಂದ 12 ಗ್ರೇ ವಿಕಿರಣಕ್ಕೆ ಒಡ್ಡಿ 30 ದಿನ ಗಮನಿಸಲಾಯಿತು. ಸಾವಿನ ಪ್ರಮಾಣ ಕಡಿಮೆಯಾಯಿತು; ಬದುಕುಳಿದ ಇಲಿಗಳಲ್ಲಿ 31ನೆಯ ದಿನ ಗ್ಲುಟಾಥಯೋನಿನ ಕೊರತೆಯೂ ಕಡಿಮೆ ಇತ್ತು. ರಕ್ಷಣೆಯ ಅಳತೆಯಾದ ಪ್ರಮಾಣ ತಗ್ಗಿಕೆಯ ಅಂಶ 1.15 ಎಂದು ಕಂಡುಬಂದಿತು. ಅಂದರೆ, ಶುಂಠಿ ಸಾರ ಪಡೆಯದ ಇಲಿಗಳಲ್ಲಿ ಕಂಡ ಪರಿಣಾಮವೇ ಸಾರ ಪಡೆದ ಇಲಿಗಳಲ್ಲಿ ಕಾಣಲು ಶೇ. 15ರಷ್ಟು ಹೆಚ್ಚು ವಿಕಿರಣ ಬೇಕಾಯಿತು.

ಈ ಫಲಿತಾಂಶಗಳ ವ್ಯಾಪ್ತಿಯನ್ನು ಸರಿಯಾಗಿ ಗ್ರಹಿಸುವುದು ಮುಖ್ಯ. ಸಾರವನ್ನು ಚುಚ್ಚುಮದ್ದಿನ ಮೂಲಕ, ವಿಕಿರಣಕ್ಕೆ ಮೊದಲು, ಇಲಿಗಳಿಗೆ ಕೊಡಲಾಗಿತ್ತು. ಅಂಗಳದ ತುಳಸಿಯ ಎಲೆ ತಿಂದವರಿಗೆ ಅಥವಾ ಶುಂಠಿ ಕಷಾಯ ಕುಡಿದವರಿಗೆ ವಿಕಿರಣದಿಂದ ರಕ್ಷಣೆ ದೊರೆಯುತ್ತದೆ ಎಂದು ಇವುಗಳಿಂದ ಹೇಳಲಾಗದು. ವಿಕಿರಣ ಚಿಕಿತ್ಸೆ ಪಡೆಯುವ ರೋಗಿಗಳು ಇಂತಹ ಸಾರಗಳನ್ನಾಗಲಿ ಉತ್ಕರ್ಷಣ ನಿರೋಧಕ ಮಾತ್ರೆಗಳನ್ನಾಗಲಿ ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಯಕೃತ್ತು ಮತ್ತು ಪ್ಯಾರಸಿಟಮಾಲ್

ಗ್ಲುಟಾಥಯೋನ್ ಕುರಿತ ಪ್ರಯೋಗಾಲಯದ ತಿಳಿವಳಿಕೆ ನೇರವಾಗಿ ಜೀವ ಉಳಿಸಿದ ನಿದರ್ಶನ ಪ್ಯಾರಸಿಟಮಾಲ್ ವಿಷಪ್ರಾಶನದ ಚಿಕಿತ್ಸೆ. ಜ್ವರ ಹಾಗೂ ನೋವಿಗೆ ಕೊಡುವ ಈ ಮಾತ್ರೆಯ ಅಲ್ಪಭಾಗವು ಯಕೃತ್ತಿನಲ್ಲಿ ನ್ಯಾಪ್‌ಕ್ವಿ ಎಂಬ ವಿಷವಸ್ತುವಾಗಿ ಮಾರ್ಪಡುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಗ್ಲುಟಾಥಯೋನ್ ಅದನ್ನು ಕಟ್ಟಿ ಹೊರಹಾಕುತ್ತದೆ. ಮಾತ್ರೆಯ ಪ್ರಮಾಣ ಮಿತಿಮೀರಿದಾಗ ಗ್ಲುಟಾಥಯೋನ್ ಬರಿದಾಗುತ್ತದೆ. ಯಕೃತ್ತಿನ ದಾಸ್ತಾನಿನ ಸುಮಾರು ಶೇ. 70ರಷ್ಟು ಖಾಲಿಯಾದ ಬಳಿಕ ವಿಷವು ಪ್ರೋಟೀನುಗಳಿಗೆ ಅಂಟಿ ಕೋಶಗಳು ಸಾಯತೊಡಗುತ್ತವೆ. 1973ರಲ್ಲಿ ಜೆರ್ರಿ ಮಿಚೆಲ್ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಇದನ್ನು ತೋರಿಸಿಕೊಟ್ಟರು.

ಗ್ಲುಟಾಥಯೋನ್ ತಾನಾಗಿ ಕೋಶದೊಳಗೆ ಸುಲಭವಾಗಿ ಪ್ರವೇಶಿಸುವುದಿಲ್ಲ. ಆದ್ದರಿಂದ ಅದರ ಕಚ್ಚಾವಸ್ತುವಾದ ಸಿಸ್ಟೀನನ್ನು ಒದಗಿಸುವ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧವನ್ನು 1970ರ ದಶಕದಿಂದ ಪ್ರತಿವಿಷವಾಗಿ ಬಳಸಲಾಗುತ್ತಿದೆ. ಹೆಚ್ಚು ಮಾತ್ರೆ ನುಂಗಿದ 8 ಗಂಟೆಗಳೊಳಗೆ ಇದನ್ನು ಆರಂಭಿಸಿದರೆ ಫಲ ಅತ್ಯುತ್ತಮ. ಮೊದಲ ದಿನ ರೋಗಿಗೆ ವಾಕರಿಕೆಯ ಹೊರತು ಹೆಚ್ಚಿನ ಲಕ್ಷಣಗಳು ಕಾಣದಿರಬಹುದು. ಆದುದರಿಂದ ಆರಾಮವಾಗಿದ್ದಾರೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ ಎಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಮದ್ಯಪಾನದ ಚಟ ಅಥವಾ ಅಪೌಷ್ಟಿಕತೆ ಇರುವವರಿಗೆ ಈ ಮಿತಿ ಇನ್ನೂ ಕಡಿಮೆ. ಶೀತದ ಹಲವು ಸಂಯುಕ್ತ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಇರುವುದರಿಂದ ಅರಿವಿಲ್ಲದೆ ಪ್ರಮಾಣ ಮೀರುವ ಸಂಭವವಿದೆ. ಔಷಧ ಕಾಲೇಜುಗಳಲ್ಲಿ ನೆಲನೆಲ್ಲಿಯಂತಹ ಗಿಡಗಳ ಯಕೃತ್ ರಕ್ಷಕ ಗುಣವನ್ನು ಪರೀಕ್ಷಿಸಲು ಇದೇ ಪ್ಯಾರಸಿಟಮಾಲ್ ಮಾದರಿಯನ್ನು ಬಳಸುತ್ತಾರೆ.

ಕೆಂಪು ರಕ್ತಕಣಗಳು ಮತ್ತು ಮಲೇರಿಯಾ ಔಷಧ

ಕೆಂಪು ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾ ಇಲ್ಲ. ಗ್ಲುಟಾಥಯೋನನ್ನು ಪುನರುತ್ಪಾದಿಸಲು ಬೇಕಾದ ಎನ್‌ಎಡಿಪಿಎಚ್‌ಗಾಗಿ ಅವು ಜಿ6ಪಿಡಿ ಎಂಬ ಕಿಣ್ವದಿಂದ ಆರಂಭವಾಗುವ ದಾರಿಯನ್ನೇ ಅವಲಂಬಿಸಿವೆ. ಹುಟ್ಟಿನಿಂದ ಈ ಕಿಣ್ವದ ಕೊರತೆ ಇರುವವರು ಪ್ರಿಮಾಕ್ವಿನ್ ಎಂಬ ಮಲೇರಿಯಾ ಔಷಧ ಸೇವಿಸಿದರೆ ರಕ್ತಕಣಗಳು ಒಡೆಯಬಹುದು. ಈ ಕೊರತೆಯನ್ನು 1956ರಲ್ಲಿ ಕಾರ್ಸನ್ ಮತ್ತು ಸಂಗಡಿಗರು ಗುರುತಿಸಿದ್ದು ಪ್ರಿಮಾಕ್ವಿನ್ ಸೇವನೆಯಿಂದ ಕೆಲವರಲ್ಲಿ ಉಂಟಾದ ರಕ್ತಹೀನತೆಯನ್ನು ಶೋಧಿಸುವಾಗ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ ಪ್ರಿಮಾಕ್ವಿನ್ ಕೊಡಲಾಗುತ್ತದೆ. ಮಲೇರಿಯಾ ಬಹುಕಾಲ ಕಾಡಿದ ಕರಾವಳಿ ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಔಷಧ ಸೇವಿಸುವಾಗ ಮೂತ್ರ ಕಪ್ಪಾದರೆ ಅಥವಾ ಕಾಮಾಲೆ ಕಂಡರೆ ಕೂಡಲೇ ವೈದ್ಯರನ್ನು ಕಾಣಬೇಕು. ಬಟ್ಟೆಗಳ ನಡುವೆ ಇಡುವ ನಾಫ್ತಲೀನ್ ನುಸಿಗುಳಿಗೆಯೂ ಇಂತಹ ಕೊರತೆಯುಳ್ಳ ನವಜಾತ ಶಿಶುಗಳಿಗೆ ಅಪಾಯಕಾರಿ.

ಸಸ್ಯಗಳು ಮತ್ತು ಜಲಚರಗಳು

ಸಸ್ಯಗಳಲ್ಲಿ ಗ್ಲುಟಾಥಯೋನ್ ಸಿ ಜೀವಸತ್ತ್ವದೊಡನೆ ಸೇರಿ ಹರಿತ್ತಿನ ಕಣಗಳಲ್ಲಿ ಹುಟ್ಟುವ ಪೆರಾಕ್ಸೈಡನ್ನು ನಿವಾರಿಸುತ್ತದೆ. ಬರ, ಬಿಸಿಲು ಮತ್ತು ಉಪ್ಪುನೀರಿನ ಒತ್ತಡವನ್ನು ಭತ್ತದ ತಳಿಗಳು ಹೇಗೆ ತಾಳಿಕೊಳ್ಳುತ್ತವೆ ಎಂಬ ಅಧ್ಯಯನಗಳಲ್ಲಿ ಇದನ್ನು ಅಳೆಯುತ್ತಾರೆ. ಕ್ಯಾಡ್ಮಿಯಮ್‌ನಂತಹ ಲೋಹಗಳು ಮಣ್ಣಿನಲ್ಲಿದ್ದಾಗ ಸಸ್ಯಗಳು ಗ್ಲುಟಾಥಯೋನಿನ ಸರಪಣಿಗಳಿಂದ ಫೈಟೋಕೆಲೇಟಿನ್ ಎಂಬ ಪೆಪ್ಟೈಡ್‌ಗಳನ್ನು ರಚಿಸಿ ಲೋಹವನ್ನು ಬಂಧಿಸುತ್ತವೆ. ಕಡಲತೀರದ ಬಂಡೆಗಳಿಗೆ ಅಂಟಿ ಬೆಳೆಯುವ, ಉಡುಪಿ ಕರಾವಳಿಯಲ್ಲಿ ಪಚ್ಚಿಲೆ ಎಂದು ಕರೆಯುವ ಹಸಿರು ಚಿಪ್ಪುಜೀವಿಯು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ಮಾಲಿನ್ಯವೂ ಅದರ ದೇಹ ಸೇರುತ್ತದೆ. ಇಂತಹ ಜೀವಿಗಳಲ್ಲಿ ಗ್ಲುಟಾಥಯೋನ್ ಮತ್ತು ಅದರ ಟ್ರಾನ್ಸ್‌ಫರೇಸ್ ಕಿಣ್ವವನ್ನು ಸಮುದ್ರ ಮಾಲಿನ್ಯದ ಜೈವಿಕ ಸೂಚಕಗಳಾಗಿ ಬಳಸಲಾಗುತ್ತದೆ.

ಪೂರಕ ಔಷಧವಾಗಿ ಬಳಕೆ ಮತ್ತು ಎಚ್ಚರಿಕೆಗಳು

ಬಾಯಿಯ ಮೂಲಕ ಸೇವಿಸಿದ ಗ್ಲುಟಾಥಯೋನಿನ ಬಹುಭಾಗ ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಒಡೆದುಹೋಗುತ್ತದೆ. 1992ರಲ್ಲಿ ಏಳು ಆರೋಗ್ಯವಂತರಿಗೆ ಒಮ್ಮೆಗೆ 3 ಗ್ರಾಂ ಕೊಟ್ಟು ನೋಡಿದಾಗ ರಕ್ತದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. 2015ರಲ್ಲಿ ಪ್ರಕಟವಾದ, ಆರು ತಿಂಗಳ ಕಾಲ ನಿತ್ಯ ಸೇವನೆಯ ಇನ್ನೊಂದು ಅಧ್ಯಯನದಲ್ಲಿ ರಕ್ತದ ಮಟ್ಟ ಏರಿತು. ಮಟ್ಟ ಏರುವುದೂ ರೋಗ ಗುಣವಾಗುವುದೂ ಬೇರೆ ಬೇರೆ ವಿಷಯಗಳು.

ಚರ್ಮವನ್ನು ಬೆಳ್ಳಗೆ ಮಾಡುವುದೆಂದು ಗ್ಲುಟಾಥಯೋನ್ ಚುಚ್ಚುಮದ್ದುಗಳನ್ನು ಮಾರುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. ಫಿಲಿಪ್ಪೀನ್ಸ್ ದೇಶದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿಯೇ ಇದರ ವಿರುದ್ಧ ಎಚ್ಚರಿಕೆ ನೀಡಿತು. ತೀವ್ರ ಚರ್ಮದ ಪ್ರತಿಕ್ರಿಯೆ, ಮೂತ್ರಪಿಂಡ ಹಾಗೂ ಥೈರಾಯ್ಡ್ ತೊಂದರೆಗಳ ಸಾಧ್ಯತೆಯನ್ನು ಅದು ಉಲ್ಲೇಖಿಸಿದೆ.

ಗ್ಲುಟಾಥಯೋನ್ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಇದರ ಪ್ರಮಾಣ ಅಧಿಕವಾಗಿದ್ದು, ಸಿಸ್‌ಪ್ಲಾಟಿನ್‌ನಂತಹ ಔಷಧಗಳನ್ನೂ ವಿಕಿರಣವನ್ನೂ ಎದುರಿಸಿ ಬದುಕುಳಿಯಲು ಆ ಕೋಶಗಳಿಗೆ ಇದೇ ನೆರವಾಗುತ್ತದೆ. ಆರೋಗ್ಯವಂತ ಕೋಶವನ್ನು ರಕ್ಷಿಸುವ ವಸ್ತುವು ಗಡ್ಡೆಯನ್ನೂ ರಕ್ಷಿಸದಂತೆ ನೋಡಿಕೊಳ್ಳುವುದು ವಿಕಿರಣ ರಕ್ಷಕಗಳ ಸಂಶೋಧನೆಯ ಮುಂದಿರುವ ಮುಖ್ಯ ಸವಾಲು.

ಇವನ್ನೂ ನೋಡಿ

ಉತ್ಕರ್ಷಣ ಒತ್ತಡ
ಕಸ್ತೂರ್ಬಾ ಮೆಡಿಕಲ್ ಕಾಲೇಜು, ಮಣಿಪಾಲ
ತುಳಸಿ
ಪ್ಯಾರಸಿಟಮಾಲ್
ಮಟ್ಟು ಗುಳ್ಳ